ಕಾಲುವೆ ದಂಡೆಯ ಹೊಂಗೆಯಿಂದ ತುರಿಕೆಗೆ ಎಣ್ಣೆ: ಮಾಡಿಕೊಳ್ಳುವುದು ಹೀಗೆ

ಔಷಧಿ ಗುಣವಿರುವ ಕರಾವಳಿ ಗಿಡ ಬೇಕು ಅಂತ ಕುಮಟಾ, ಕುಂದಾಪುರದ ತನಕ ಹೋಗಬೇಕಿಲ್ಲ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ದಂಡೆ ಮೇಲೆ ಹೊಂಗೆ ಇರುತ್ತದಲ್ಲ, ಕೆಲವರು ಹುಲಗಲ ಅನ್ನುತ್ತಾರೆ, ಅದು ಸಮುದ್ರದಂಚಿನಲ್ಲೂ ಹೊಳೆ ದಡದಲ್ಲೂ ತಾನಾಗಿ ಬೆಳೆಯುವ ಗಿಡ. ಅದರ ಕಾಯಿ ನೀರಲ್ಲಿ ತೇಲಿಹೋಗಿ ಬೇರೆ ದಡದಲ್ಲಿ ಮೊಳೆಯುತ್ತದೆ. ಉಪ್ಪನ್ನು ತಾಳಿಕೊಳ್ಳುತ್ತದೆ, ಹಾಗಾಗಿ ನಮ್ಮ ಸವಳು ನೆಲದಲ್ಲೂ ಬದುಕುತ್ತದೆ.

ಉಪ್ಪು, ಬಿಸಿಲು, ಹುಳ, ಬೂಷ್ಟು ಎಲ್ಲವನ್ನೂ ನಿಂತಲ್ಲೇ ಎದುರಿಸಬೇಕಾದ ಗಿಡಗಳು ತೊಗಟೆ, ಬೀಜಗಳಲ್ಲಿ ಕಹಿ, ಒಗರು ವಸ್ತುಗಳನ್ನು ತುಂಬಿಕೊಂಡಿರುತ್ತವೆ. ಕರಾವಳಿಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ತೊಗಟೆಯಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತು ಇದೆ. ಹೊಂಗೆ ಬೀಜದಲ್ಲಿ ಕರಂಜಿನ್, ಪೊಂಗಮಾಲ್ ಅನ್ನುವ ಕಹಿ ವಸ್ತುಗಳಿವೆ. ನಮಗೆ ಬೇಕಾದದ್ದು ಇವೇ.

ಮೊದಲು ಕಾಯಿ. ಬೇಸಿಗೆಯಲ್ಲಿ ಕಂದುಬಣ್ಣಕ್ಕೆ ತಿರುಗಿದ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುವ ಕಾಯಿ ಆರಿಸಿ. ಹಸಿರು ಕಾಯಿ ಬೇಡ. ತೂತು ಬಿದ್ದದ್ದು, ಬೂಷ್ಟು ಹಿಡಿದದ್ದು ಆಚೆ ಎಸೆಯಿರಿ. ರಾಯಚೂರಿನ ಬಿಸಿಲಿಗೆ ಮೂರ್ನಾಲ್ಕು ದಿನ ಹರವಿದರೆ ಸಾಕು, ಕಟ್ಟಿಗೆಯಿಂದ ಬಡಿದರೆ ಸಿಪ್ಪೆ ಸೀಳುತ್ತದೆ, ಒಳಗೆ ಕೆಂಪುಕಂದಿನ ಸುಕ್ಕುಸುಕ್ಕಾದ ಬೀಜ ಒಂದೋ ಎರಡೋ ಇರುತ್ತದೆ. ಉಗುರಲ್ಲಿ ಒತ್ತಿದರೆ ಮೆತ್ತಗಿದೆಯಾ? ಇನ್ನೂ ಒಣಗಲಿ.

ಆಮೇಲೆ ಗಾಣ. ಇಲ್ಲಿ ಒಂದು ಎಚ್ಚರ. ಹೊಂಗೆ ಎಣ್ಣೆ ತಿನ್ನುವುದಲ್ಲ, ಹೊಟ್ಟೆಗೆ ಹೋದರೆ ವಾಂತಿ ಗ್ಯಾರಂಟಿ. ಶೇಂಗಾ ಹಿಂಡುವ ಗಾಣದಲ್ಲೇ ಇದನ್ನೂ ಹಾಕಿದರೆ ಮುಂದಿನವರ ಶೇಂಗಾ ಎಣ್ಣೆ ಕಹಿಯಾಗುತ್ತದೆ, ಗಾಣದವರು ಬೈಯುತ್ತಾರೆ, ಅದು ನ್ಯಾಯವೇ. ಬೇರೆ ಗಾಣವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊದಲೇ ಕೇಳಿ. ಒಂದು ಕೆಜಿ ಬೀಜಕ್ಕೆ ಕಾಲು ಕೆಜಿ ಎಣ್ಣೆ ಸಿಕ್ಕರೆ ಜಾಸ್ತಿಯೇ ಸಿಕ್ಕಿತು ಅಂದುಕೊಳ್ಳಿ.

ಎಣ್ಣೆ ಕಂದು ಹಳದಿ, ವಾಸನೆ ಗಾಢ. ಹಾಗೇ ಒಂದು ವಾರ ಬಿಟ್ಟರೆ ಗಷ್ಟು ಕೆಳಗಿಳಿಯುತ್ತದೆ. ಮೇಲಿನದ್ದನ್ನು ಬಟ್ಟೆಯಲ್ಲಿ ಸೋಸಿ ಕಪ್ಪು ಸೀಸೆಗೆ ತುಂಬಿ, ಮೇಲೆ ‘ತಿನ್ನಬಾರದು’ ಅಂತ ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಹಚ್ಚುವಾಗ ಒಂದು ಪಾಲು ಹೊಂಗೆ ಎಣ್ಣೆಗೆ ಮೂರು ಪಾಲು ಕೊಬ್ಬರಿ ಎಣ್ಣೆ. ಮೊದಲು ಮೊಳಕೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ ಅಲ್ಲಿಗೇ ಬಿಟ್ಟುಬಿಡಿ. ಸರಿಯಿದ್ದರೆ ತುರಿಕೆ, ಕಜ್ಜಿ ಇರುವ ಕಡೆ ಮಾತ್ರ ತೆಳ್ಳಗೆ ಹಚ್ಚಿ. ಸೀಳಿದ ಗಾಯ, ಕಣ್ಣು, ಎಳೆ ಮಕ್ಕಳು, ಬಸುರಿಯರು: ಇಲ್ಲೆಲ್ಲ ಬೇಡ.

ಇದು ನಿಜವಾಗಿ ಕೆಲಸ ಮಾಡುತ್ತದಾ ಅಂತ ಕೇಳುವವರಿಗೆ ಪ್ರಯೋಗಾಲಯದ ಲೆಕ್ಕ ಹೇಳಬೇಕು. ಗಾಜಿನ ತಟ್ಟೆಯಲ್ಲಿ ಅಗರ್ ಅನ್ನುವ ಲೋಳೆ ಹಾಕಿ, ಕೀವು ಮಾಡುವ ಸ್ಟೆಫೈಲೋಕಾಕಸ್ ಥರದ ಬ್ಯಾಕ್ಟೀರಿಯಾ ಹರಡುತ್ತಾರೆ. ಗಿಡದ ಸಾರ ನೆನೆಸಿದ ಪುಟ್ಟ ಕಾಗದದ ಬಿಲ್ಲೆಯನ್ನು ನಡುವೆ ಇಟ್ಟು 37 ಡಿಗ್ರಿ ಬಿಸಿಯಲ್ಲಿ 24 ಗಂಟೆ ಬಿಡುತ್ತಾರೆ. ಮರುದಿನ ತಟ್ಟೆ ಪೂರ್ತಿ ಮಬ್ಬಾಗಿದ್ದು ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಉಂಗುರ ಕಂಡರೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿಲ್ಲ ಅಂತ ಅರ್ಥ. ಉಂಗುರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಹೊಂಗೆಯ ಎಲೆ, ಬೀಜದ ಸಾರಕ್ಕೆ ಇಂಥ ಉಂಗುರ ಸಿಕ್ಕಿದೆ. ಆದರೆ ಆ ಸಾರವನ್ನು ಬಹಳ ಸಲ ಮೆಥನಾಲ್ ಅನ್ನುವ ಸ್ಪಿರಿಟ್‌ನಲ್ಲಿ ತೆಗೆದಿರುತ್ತಾರೆ, ನಮ್ಮ ಗಾಣದೆಣ್ಣೆ ಬೇರೆಯೇ. ತಟ್ಟೆಯ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಚರ್ಮದೊಳಗಿನ ರೋಗ ಹೋಗುತ್ತದೆ ಅಂತಲೂ ಅಲ್ಲ.

ತುರಿಕೆ ಹುಳುಕಡ್ಡಿಯದ್ದಾಗಿದ್ದು (ಬೂಷ್ಟಿನಿಂದ ಬರುವ, ದುಂಡಗೆ ಹರಡುವ ತುರಿಕೆ) ಹತ್ತು ಹದಿನೈದು ದಿನದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಬೆರೆತ ಮುಲಾಮು ಮಾತ್ರ ಹಚ್ಚಬೇಡಿ, ಅದರಿಂದ ಹುಳುಕಡ್ಡಿ ಮೇಲೆ ಮಾಸಿದಂತೆ ಕಂಡು ಸುತ್ತಲೂ ಹರಡುತ್ತದೆ.

ಉಳಿದ ಹಿಂಡಿ ದನಕ್ಕೆ ಹಾಕಬೇಡಿ, ಭತ್ತದ ಗದ್ದೆಗೆ ಹಾಕಿ. ಅದರ ಕರಂಜಿನ್ ಮಣ್ಣಿನಲ್ಲಿ ಯೂರಿಯಾದ ಸಾರಜನಕ ಬೇಗ ನೈಟ್ರೇಟ್ ಆಗಿ ನೀರಿನ ಜೊತೆ ಬಸಿದುಹೋಗದಂತೆ ನಿಧಾನಿಸುತ್ತದೆ.