ಭತ್ತದ ಹೊಟ್ಟಿನ ಏರೋಜೆಲ್, ಮಾಮೂಲಿ ಓವನ್‌ನಲ್ಲಿ

ಏರೋಜೆಲ್ ಅಂದರೆ ಹೆಚ್ಚುಪಾಲು ಗಾಳಿಯೇ ತುಂಬಿರುವ, ತುಂಬಾ ಹಗುರವಾದ ಘನವಸ್ತು; ನಾನು ಮಾಡುವುದು ಸಿಲಿಕಾದ್ದು. ಸೂಪರ್‌ಕ್ರಿಟಿಕಲ್ ಡ್ರೈಯರ್ (ಭಾರಿ ಒತ್ತಡದಲ್ಲಿ ಒಣಗಿಸುವ ಯಂತ್ರ) ಇಲ್ಲದೆ ಅದು ಆಗಲ್ಲ, ಭತ್ತದ ಹೊಟ್ಟಿನ ಬೂದಿಯಿಂದಂತೂ ಆಗೋದೇ ಇಲ್ಲ ಎಂದವರೇ ಜಾಸ್ತಿ. ಈಗ ನನ್ನ ಚೂರುಗಳು ನೀರಿನ ಮೇಲೆ ತೇಲುತ್ತವೆ, ಒದ್ದೆಯಾಗುವುದಿಲ್ಲ. ಸಾಂದ್ರತೆ ಸಿಸಿಗೆ ಸುಮಾರು 0.1 ಗ್ರಾಂ. 1931ರಲ್ಲಿ ಅಮೆರಿಕದ ವಿಜ್ಞಾನಿ ಕಿಸ್ಟ್ಲರ್ ಮಾಡಿದ ಮೊದಲ ಏರೋಜೆಲ್ ಕೂಡ ಸೋಡಿಯಂ ಸಿಲಿಕೇಟ್‌ನಿಂದಲೇ ಬಂದದ್ದು. ಬೂದಿಯ ಸಿಲಿಕಾವನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಕರಗಿಸಿದರೆ ಸಿಗುವುದೂ ಅದೇ. ಮತ್ತೆ ಬೂದಿ ಬಗ್ಗೆ ಯಾಕೆ ಅನುಮಾನ?

ಆದರೆ ಬೂದಿ ಸರಿಯಾಗಿರಬೇಕು. ಸುಡುವ ಮೊದಲೇ ಹೊಟ್ಟನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ತೊಳೆಯಿರಿ. ಪೊಟ್ಯಾಸಿಯಂ ಉಳಿದರೆ ಸಿಲಿಕಾ ಕರಗಿ ಇಂಗಾಲವನ್ನು ಒಳಗೇ ಮುಚ್ಚಿಬಿಡುತ್ತದೆ, ಬೂದಿ ಬೆಳ್ಳಗಾಗುವುದಿಲ್ಲ. 600-650 ಡಿಗ್ರಿ ಸಾಕು. ಬಾಯ್ಲರ್‌ನಲ್ಲಿ ಜೋರಾಗಿ ಉರಿದ ಬೂದಿ ಪುಕ್ಕಟೆ ಸಿಕ್ಕರೂ ಬೇಡ. ಅದರಲ್ಲಿ ಕ್ರಿಸ್ಟೋಬಲೈಟ್ (ಹರಳುಗಟ್ಟಿದ ಸಿಲಿಕಾ) ಕೂತಿರುತ್ತದೆ, ಕಾಸ್ಟಿಕ್‌ನಲ್ಲಿ ಎಷ್ಟು ಕುದಿಸಿದರೂ ಸುಲಭಕ್ಕೆ ಕರಗಲ್ಲ.

ಹೀಗೆ ಕರಗಿಸಿ ಸಿಕ್ಕ ಸಿಲಿಕೇಟನ್ನು ಕ್ಯಾಟಯಾನ್ ರೆಸಿನ್ (ಸೋಡಿಯಂ ಹಿಡಿದಿಟ್ಟುಕೊಳ್ಳುವ ಮಣಿಗಳು) ಮೂಲಕ ಹಾಯಿಸಿ, ಪಿಎಚ್ 2ರ ಆಸುಪಾಸು ಬಂದಮೇಲೆ ಅಮೋನಿಯಾ ಹನಿಸುತ್ತೇನೆ. ಪಿಎಚ್ 5 ದಾಟುವಷ್ಟರಲ್ಲಿ ಜೆಲ್ ಕಟ್ಟುತ್ತದೆ. ನೇರವಾಗಿ ಆಮ್ಲ ಸುರಿದು ಜೆಲ್ ಮಾಡಿದಾಗಲೆಲ್ಲ ಉಪ್ಪು ತೊಳೆದು ಸಾಕಾಯಿತು. ಉಪ್ಪು ಉಳಿದ ಜೆಲ್ ಒಣಗಿದ ಮೇಲೆ ಮಂಕು, ಬಿರುಕು. ಆಮ್ಲದಿಂದ ರೆಸಿನ್ ಮತ್ತೆ ಚುರುಕಾಗುತ್ತದೆ, ಹಾಗಾಗಿ ಅದು ಒಂದೇ ಸಲದ ಖರ್ಚು.

ನಿಜವಾದ ಖರ್ಚು ಹೆಕ್ಸೇನ್ ಎಂಬ ದ್ರಾವಕ ಮತ್ತು ಟ್ರೈಮೀಥೈಲ್‌ಕ್ಲೋರೋಸಿಲೇನ್ (ಸಿಲೇನ್ ಅನ್ನೋಣ; ಜೆಲ್‌ನ ಮೇಲ್ಮೈಗೆ ನೀರು ಹಿಡಿಯದಂತೆ ಮಾಡುವುದು ಇದೇ). ಒಟ್ಟು ಖರ್ಚಿನ ಮುಕ್ಕಾಲು ಪಾಲು ಇವೇ ತಿಂದವು. ಜೆಲ್‌ನಲ್ಲಿ ನೀರು ಉಳಿದಿದ್ದರೆ ಸಿಲೇನ್ ಅದಕ್ಕೇ ಖರ್ಚಾಗಿ ಹೋಗುತ್ತದೆ. ಅದಕ್ಕೇ ಜೆಲ್‌ನ ನೀರನ್ನು ಮೊದಲು ಎಥನಾಲ್‌ನಿಂದ ಬದಲಿಸುವಾಗ ಆತುರ ಬೇಡ. ಬಳಸಿದ ಹೆಕ್ಸೇನನ್ನು ಸೋಡಾ ಪುಡಿ ಕರಗಿಸಿದ ನೀರಲ್ಲಿ ತೊಳೆದು, ನೀರಿನಂಶ ತೆಗೆದು, ಬಟ್ಟಿ ಇಳಿಸುತ್ತೇನೆ. ನೂರಕ್ಕೆ ಹೆಚ್ಚುಕಡಿಮೆ 80 ಭಾಗ ವಾಪಸ್ ಬರುತ್ತದೆ. ಇದಾದ ಮೇಲೇ ಲೆಕ್ಕ ಕೈಗೆಟುಕಿದ್ದು. ಹೆಕ್ಸೇನ್ ಹತ್ತಿರ ಬೆಂಕಿ ಸುಳಿಯಬಾರದು. ಸಿಲೇನ್ ಹಾಕುವಾಗ ಹೈಡ್ರೋಜನ್ ಕ್ಲೋರೈಡ್ ಏಳುತ್ತದೆ, ಫ್ಯೂಮ್ ಹುಡ್ (ಹೊಗೆ ಎಳೆದು ಹೊರಹಾಕುವ ಗೂಡು) ಬೇಕೇ ಬೇಕು.

ಒಣಗಿಸುವ ಹಂತ ನೋಡಲೇಬೇಕು. ಜೆಲ್ ಮೊದಲು ಕುಗ್ಗುತ್ತದೆ, ಬೆಳ್ಳಗಾಗುತ್ತದೆ, ಎಲ್ಲಾ ಹೋಯ್ತು ಅನ್ನಿಸುತ್ತದೆ. ಆಮೇಲೆ ಸ್ಪಂಜಿನಂತೆ ಮತ್ತೆ ಉಬ್ಬುತ್ತದೆ! ಮೇಲ್ಮೈಯಲ್ಲಿ ಸಿಲೇನ್‌ನಿಂದ ಬಂದ ಮೀಥೈಲ್ ಗುಂಪುಗಳು ಕೂತಿರುವುದರಿಂದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಕೊನೆಗೆ ನೀಲಿ ಛಾಯೆ ಬರುತ್ತದೆ. ಕೋಣೆಯ ಶಾಖದಿಂದ ಶುರುಮಾಡಿ ನಿಧಾನಕ್ಕೆ 150 ಡಿಗ್ರಿವರೆಗೆ ಏರಿಸಿ. ನಡುವೆ ಎಲ್ಲಿ, ಎಷ್ಟು ಹೊತ್ತು ನಿಲ್ಲಿಸುತ್ತೇನೆ ಅನ್ನೋದು ನನ್ನ ಬಳಿಯೇ ಇರಲಿ. ಸಿಲೇನ್ ಪ್ರಮಾಣವೂ ಅಷ್ಟೇ.

ಸುಮ್ನೆ ಕುತೂಹಲಕ್ಕೆ ಒಂದು ಚೂರನ್ನು 500 ಡಿಗ್ರಿಗೆ ಕಾಯಿಸಿದೆ. ಮೀಥೈಲ್ ಸುಟ್ಟುಹೋಗಿ ನೀರು ಕುಡಿಯಿತು, ಕುಡಿದದ್ದೇ ಪುಡಿಯಾಯಿತು. ಕಬ್ಬಿನ ಸಿಪ್ಪೆಯ ಬೂದಿಯಲ್ಲೂ ಮಾಡಿ ನೋಡಿದೆ. ಅದರಲ್ಲಿ ಮಣ್ಣು ಮರಳು ಜಾಸ್ತಿ, ಕರಗುವ ಸಿಲಿಕಾ ಕಡಿಮೆ. ಜೆಲ್ ಆಯಿತು, ಆದರೆ ಸೋಸುವುದಕ್ಕೇ ಅರ್ಧ ದಿನ ಹೋಯಿತು. ಹೊಟ್ಟು ಸಿಗುವಾಗ ಅದರ ತಂಟೆಗೆ ಹೋಗಬೇಡಿ.