ಮೊದಲು ಹತ್ತು ಪೊಟ್ಟಣ, ಲೋಗೋ ಆಮೇಲೆ

ಶೇಂಗಾ ಚಟ್ನಿಪುಡಿ ಮಾಡುವುದರಲ್ಲಿ ಕೈ ಪಳಗಿದೆ. ತಿಂದವರೆಲ್ಲ 'ನೀವ್ಯಾಕೆ ಇದನ್ನ ಮಾರಬಾರದು?' ಅಂತಾರೆ. ಮಾರಬೇಕು ಅಂತ ಮನಸ್ಸೂ ಇದೆ. ಆದರೆ ಲೋಗೋ ಇನ್ನೂ ಮನಸ್ಸಿಗೆ ಬಂದಿಲ್ಲ. ಡಬ್ಬಿ ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ ತೀರ್ಮಾನವಾಗಿಲ್ಲ. ಹೆಸರು ಇಟ್ಟಾಯಿತು, ಬದಲಾಯಿಸಿದ್ದೂ ಆಯಿತು. ಆಷಾಢ ಮುಗಿಯಲಿ ಅಂದದ್ದು ಈಗ ಪಿತೃಪಕ್ಷ ಮುಗಿಯಲಿ ಅನ್ನುವಲ್ಲಿಗೆ ಬಂದಿದೆ. ಅಷ್ಟರಲ್ಲಿ ಪಕ್ಕದ ಓಣಿಯವರು ಸಾದಾ ಕವರಿನಲ್ಲಿ ಹಾಕಿ ಮಾರುತ್ತಿದ್ದಾರೆ. ಜನ ಕೊಳ್ಳುತ್ತಲೂ ಇದ್ದಾರೆ.

ಮನೆಯಿಂದಲೇ ಸಣ್ಣ ಉದ್ಯಮ ಶುರು ಮಾಡಬೇಕು ಅಂದುಕೊಂಡವರಲ್ಲಿ ಹೀಗೆ ನಿಂತುಬಿಟ್ಟವರು ಬಹಳ ಮಂದಿ. ಇವರನ್ನು ಸೋಮಾರಿಗಳು ಅನ್ನುವುದು ಅನ್ಯಾಯ. ಬೆಳಗ್ಗೆ ಐದಕ್ಕೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿಯುವವರು ಸೋಮಾರಿ ಹೇಗಾದಾರು? ಕೆಲಸ ಮುಂದೂಡುವ ಗುಣದ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ಫ್ಯೂಶಿಯಾ ಸಿರೋಯ್ ಮತ್ತು ಟಿಮ್ ಪಿಚಿಲ್ 2013ರ ಪ್ರಬಂಧದಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದಾರೆ. ಆ ಕೆಲಸ ನೆನೆದಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ, ಆ ಕಸಿವಿಸಿಯಿಂದ ಸದ್ಯಕ್ಕೆ ತಪ್ಪಿಸಿಕೊಳ್ಳಲು ನಾವು ಕೆಲಸವನ್ನೇ ಮುಂದಕ್ಕೆ ಹಾಕುತ್ತೇವೆ.

ಚಟ್ನಿಪುಡಿಯ ವಿಷಯದಲ್ಲಿ ಆ ಕಸಿವಿಸಿ ಏನು? ಯಾರಾದರೂ ಹೆಸರಿಟ್ಟರೆ ಅನ್ನುವ ಹೆದರಿಕೆ. ಲೋಗೋ ಸರಿಯಾಗಿಲ್ಲ ಅನ್ನುವ ನೆಪ ಇರುವವರೆಗೆ ಪುಡಿ ಅಂಗಡಿಗೆ ಹೋಗುವುದಿಲ್ಲ, ಅದಕ್ಕೆ ಯಾರೂ ಹೆಸರಿಡುವುದೂ ಇಲ್ಲ. ಆದ್ದರಿಂದ ಧೈರ್ಯ ಬರಲಿ ಅಂತ ಕಾಯಬೇಡಿ. ಹೆದರಿಕೆ ಇದ್ದಾಗಲೂ ಮಾಡಿ ಮುಗಿಸುವಷ್ಟು ಕೆಲಸವನ್ನು ಚಿಕ್ಕದು ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಒಂದು ಹಾಳೆ, ಎರಡು ಪಟ್ಟಿ

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ 'ಇದರಲ್ಲಿ ತಪ್ಪಾಗುವಂತಿಲ್ಲ', ಬಲಕ್ಕೆ 'ಸದ್ಯಕ್ಕೆ ಹೀಗಿದ್ದರೂ ನಡೆಯುತ್ತದೆ'. ಈ ಹೆಜ್ಜೆಗೆ ಜಾಸ್ತಿ ಹೊತ್ತು ಕೊಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಎಡಗಡೆಯ ಪಟ್ಟಿ ಚಿಕ್ಕದು, ಆದರೆ ಬಿಗಿ. ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯ ನೋಂದಣಿ ಇಲ್ಲದೆ ತಿನ್ನುವ ಪದಾರ್ಥ ಮಾರುವಂತಿಲ್ಲ. ಸಣ್ಣ ಪ್ರಮಾಣದ ಮನೆ ಉದ್ಯಮಕ್ಕೆ ನೋಂದಣಿ ಸಾಕು, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಬರಬೇಕು. ಅದರ ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ ಎಂಬುದು ತೂಕ ಜಾಸ್ತಿ ಇರುವುದರಿಂದ ಕಡಿಮೆ ಇರುವುದರವರೆಗೆ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ನಿಮ್ಮ ವಿಳಾಸ, ದೂರು ಹೇಳಲು ಫೋನ್ ನಂಬರು, ಸಸ್ಯಾಹಾರದ ಹಸಿರು ಗುರುತು. ಶೇಂಗಾ ಕೆಲವರಿಗೆ ಅಲರ್ಜಿ. ಅದು ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆಯಲೇಬೇಕು. ಇನ್ನೇನಾದರೂ ಬೇಕೇ ಅಂತ ಜಿಲ್ಲೆಯ ಆಹಾರ ಸುರಕ್ಷತಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಕೆಡದೆ ಉಳಿಯುವುದೂ ಎಡಪಟ್ಟಿಯದೇ. ಶೇಂಗಾದಲ್ಲಿ ಎಣ್ಣೆಯಂಶ ಜಾಸ್ತಿ. ಗಾಳಿ, ಬಿಸಿ, ಬೆಳಕು ತಾಗಿದರೆ ಕಮಟು ವಾಸನೆ ಬರುತ್ತದೆ. ಬಿಸಿ ಇರುವಾಗಲೇ ಪುಡಿಯನ್ನು ಕವರಿಗೆ ತುಂಬಿದರೆ ಒಳಗೆ ಬೆವರಿ ಬೇಗ ಕೆಡುತ್ತದೆ. ಪೂರ್ತಿ ಆರಿದ ಮೇಲೆ, ಒಣಗಿದ ಚಮಚದಲ್ಲಿ ತುಂಬಿ. ಪ್ರತಿ ಬ್ಯಾಚಿನಲ್ಲೂ ನಾಲ್ಕು ಸಣ್ಣ ಪೊಟ್ಟಣ ಮನೆಯಲ್ಲೇ ಇಟ್ಟುಕೊಂಡು ವಾರಕ್ಕೊಂದು ಒಡೆದು ಮೂಸಿ, ತಿಂದು ನೋಡಿ, ತಾರೀಖು ಹಾಕಿ ಬರೆದಿಡಿ. 'ಯಾವ ದಿನದೊಳಗೆ ಬಳಸಬೇಕು' ಎಂಬ ಸಾಲನ್ನು ಅಂದಾಜಿನ ಮೇಲೆ ಹಾಕಬಾರದು. ಮಾರಾಟ ಬೆಳೆದಂತೆ ಲ್ಯಾಬಿನಲ್ಲೂ ಪರೀಕ್ಷೆ ಮಾಡಿಸಿ.

ಲೋಗೋ, ಡಬ್ಬಿಯ ಆಕಾರ, ವೆಬ್‌ಸೈಟ್, ವಿಸಿಟಿಂಗ್ ಕಾರ್ಡು, ಇನ್‌ಸ್ಟಾಗ್ರಾಮ್ ಫೋಟೋ, ಇಂಗ್ಲಿಷಿನಲ್ಲಿ ಚೆಂದದ ಹೆಸರು ಇವೆಲ್ಲ ಬಲಪಟ್ಟಿಗೆ. ಎಲ್ಲವೂ ಅಚ್ಚುಕಟ್ಟಾಗಿರಬೇಕು ಅನ್ನುವವರು ಹೆಚ್ಚಾಗಿ ಈ ಬಲಪಟ್ಟಿಯಲ್ಲೇ ತಿಂಗಳು ಕಳೆಯುತ್ತಾರೆ, ನೋಂದಣಿ ಅರ್ಜಿ ಮಾತ್ರ ಹಾಗೇ ಉಳಿದಿರುತ್ತದೆ. ನಿಮ್ಮ ಅಚ್ಚುಕಟ್ಟುತನವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಅದು ಒಳ್ಳೆಯ ಗುಣ. ಎಡಪಟ್ಟಿಗೆ ಅಷ್ಟನ್ನೂ ಸುರಿಯಿರಿ.

ಎರಡನೆಯದು: ಹತ್ತೇ ಪೊಟ್ಟಣ

'ಉದ್ಯಮ ಶುರು ಮಾಡಬೇಕು' ಅಂದರೆ ಎದೆ ಝಲ್ಲೆನ್ನುತ್ತದೆ. '200 ಗ್ರಾಂನ ಹತ್ತು ಪೊಟ್ಟಣ ಮಾಡಬೇಕು' ಅಂದರೆ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಎರಡು ಕೆಜಿ ಪುಡಿ. ಶೇಂಗಾ ಹುರಿದು ಸಿಪ್ಪೆ ತೆಗೆದರೆ ತೂಕ ಇಳಿಯುತ್ತದೆ, ಆದ್ದರಿಂದ ಸಾಮಾನು ಸ್ವಲ್ಪ ಜಾಸ್ತಿಯೇ ತನ್ನಿ. ಎಷ್ಟು ಇಳಿಯಿತು ಎಂಬುದನ್ನು ತೂಗಿ ಬರೆದುಕೊಳ್ಳಿ. ನಿಮ್ಮ ಬೆಲೆಯ ಲೆಕ್ಕ ಅಲ್ಲಿಂದಲೇ ಶುರು. ಸಾಮಾನು, ಗ್ಯಾಸ್, ಮಿಕ್ಸಿಯ ಕರೆಂಟು, ಕವರು, ಲೇಬಲ್, ಅಂಗಡಿಯವರ ಕಮಿಷನ್, ಕೊನೆಗೆ ನಿಮ್ಮ ಕೂಲಿ. ಹೆಚ್ಚಿನ ಹೆಣ್ಣುಮಕ್ಕಳು ಕೊನೆಯದನ್ನು ಬರೆಯುವುದೇ ಇಲ್ಲ. ದಯವಿಟ್ಟು ಬರೆಯಿರಿ.

ನೋಂದಣಿಗೆ ಅರ್ಜಿ ಹಾಕಿದ ದಿನವೇ ಒಂದು ಪರೀಕ್ಷೆಯ ಬ್ಯಾಚ್ ಮಾಡಿಬಿಡಿ. ಸಂಖ್ಯೆ ಕೈಗೆ ಬರುವಷ್ಟರಲ್ಲಿ ನೆಂಟರ ಮನೆಯ ಅಭಿಪ್ರಾಯ ಸಿಕ್ಕಿರುತ್ತದೆ, ಕೆಡದೆ ಉಳಿಯುವ ಲೆಕ್ಕವೂ ಶುರುವಾಗಿರುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಯಾರಿಕೆಯ ಕಿರು ತರಬೇತಿಗಳು ನಡೆಯುತ್ತವೆ, ಅವಕಾಶ ಇದ್ದವರು ಹೋಗಬೇಕು. ಆದರೆ ತರಬೇತಿ ಮುಗಿದ ಮೇಲೇ ಶುರು ಮಾಡುತ್ತೇನೆ ಅಂತ ಹತ್ತು ಪೊಟ್ಟಣವನ್ನು ನಿಲ್ಲಿಸಬೇಡಿ.

ಮೂರನೆಯದು: ತಾರೀಖನ್ನು ಇನ್ನೊಬ್ಬರ ಕೈಗೆ ಕೊಡಿ

ಡ್ಯಾನ್ ಏರಿಯಲಿ ಮತ್ತು ಕ್ಲೌಸ್ ವರ್ಟೆನ್‌ಬ್ರೋಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮೂರು ಪ್ರಬಂಧ ಬರೆದುಕೊಡಬೇಕಿತ್ತು. ಕೆಲವರಿಗೆ ಸಮಾನ ಅಂತರದಲ್ಲಿ ಗಡುವು ಕೊಟ್ಟರು, ಕೆಲವರಿಗೆ ತಾವೇ ಗಡುವು ಹಾಕಿಕೊಳ್ಳಲು ಬಿಟ್ಟರು. ಸಮಾನ ಅಂತರದ ಗಡುವು ಇದ್ದವರಿಗೇ ಅಂಕ ಚೆನ್ನಾಗಿ ಬಂತು. ನಮ್ಮ ಕೆಲಸಕ್ಕೂ ಒಂದೇ ದೊಡ್ಡ ತಾರೀಖು ಸಾಲದು. ಈ ಸೋಮವಾರ ಅರ್ಜಿ ಮತ್ತು ಪರೀಕ್ಷೆಯ ಬ್ಯಾಚ್, ಮುಂದಿನ ಸೋಮವಾರ ಬೆಲೆಯ ಲೆಕ್ಕ, ಅದರ ಮುಂದಿನದು ಲೇಬಲ್ ಪ್ರಿಂಟ್, ಹೀಗೆ. ಪ್ರತಿಯೊಂದನ್ನೂ ಒಬ್ಬರಿಗೆ ಹೇಳಿಡಿ. ಮನೆಯವರಿಗಿಂತ ಹೊರಗಿನವರು ವಾಸಿ. ಕಿರಾಣಿ ಅಂಗಡಿಯವರಿಗೆ 'ಪೊಟ್ಟಣ ಇಂಥ ಶುಕ್ರವಾರ ತರ್ತೀನ್ರಿ' ಅಂದುಬಿಟ್ಟರೆ ಮಾತು ಉಳಿಸಿಕೊಳ್ಳಲಾದರೂ ತರುತ್ತೀರಿ.

ನಾಲ್ಕನೆಯದು: ಯಾವಾಗ, ಎಲ್ಲಿ ಅಂತ ಮೊದಲೇ ಗೊತ್ತುಮಾಡಿ

'ಬಿಡುವಾದಾಗ ಮಾಡ್ತೀನಿ' ಅಂದರೆ ಆ ಬಿಡುವು ಬರುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ತೋರಿಸಿಕೊಟ್ಟ ಉಪಾಯ ಸರಳ. 'ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ನಿಶ್ಚಯಿಸಿಕೊಳ್ಳಬೇಕು. ಉದಾಹರಣೆಗೆ, 'ಮಕ್ಕಳ ಸ್ಕೂಲ್ ವ್ಯಾನ್ ಹೋದ ತಕ್ಷಣ ಊಟದ ಟೇಬಲ್ ಮೇಲೆ ಲೆಕ್ಕದ ಪುಸ್ತಕ ತೆರೆಯುತ್ತೇನೆ.' ಕೂತ ಮೇಲೆ 25 ನಿಮಿಷಕ್ಕೆ ಅಲಾರಂ ಇಡಿ, ಅಷ್ಟು ಹೊತ್ತು ಫೋನ್ ಬೇರೆ ಕೋಣೆಯಲ್ಲಿರಲಿ. ಇದು ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ ಟೊಮ್ಯಾಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಶುರು ಮಾಡಿದ ಅಭ್ಯಾಸ. ಕುಕ್ಕರ್ ಸೀಟಿ ಎಣಿಸುವವರಿಗೆ ಇದೇನೂ ಕಷ್ಟವಲ್ಲ.

ಐದನೆಯದು: ದುಡ್ಡು ಕೇಳುವ ಫೋನ್

ಪುಡಿ ಮಾರಾಟವಾಯಿತು, ಅಂಗಡಿಯವರು ದುಡ್ಡು ಕೊಟ್ಟಿಲ್ಲ. ಸಣ್ಣ ಉದ್ಯಮದಲ್ಲಿ ಬಹಳ ಜನ ಮುಂದೂಡುವುದು ಇದನ್ನೇ. ಹೇಗೆ ಕೇಳುವುದು, ಬೇಜಾರು ಮಾಡಿಕೊಂಡರೆ ಅನ್ನುವ ಸಂಕೋಚ. ಆ ಸಂಕೋಚಕ್ಕೆ ಮದ್ದು ಬರೆದಿಟ್ಟ ಮಾತು. ಒಮ್ಮೆ ಬರೆದು ಫೋನಿನಲ್ಲಿ ಉಳಿಸಿಕೊಳ್ಳಿ, ಪ್ರತಿ ಸಲ ಅದನ್ನೇ ಕಳಿಸಿ:

'ಅಣ್ಣಾರ, ನಮಸ್ಕಾರ್ರಿ. ಹೋದ ತಿಂಗಳು ಕೊಟ್ಟ ಶೇಂಗಾ ಪುಡಿ ಬಿಲ್ ಬಾಕಿ ಐತ್ರಿ. ಶನಿವಾರ ಬಂದು ತಗೊಂಡು ಹೋಗ್ಲೇನ್ರಿ?'

ಕೊನೆಯಲ್ಲಿ ದಿನ ಇರಲೇಬೇಕು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಸರ್ಕಾರಿ ಶುಲ್ಕ ಇಲ್ಲ. ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ಯಮದಿಂದ ಸರಕು ಕೊಂಡವರು ಬರಹದ ಒಪ್ಪಂದ ಇದ್ದರೆ ಅದರಲ್ಲಿನ ದಿನದೊಳಗೆ, ಹೇಗಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ನೀವು ಕೇಳುತ್ತಿರುವುದು ನಿಮ್ಮದೇ ದುಡ್ಡು.

ಒಂದು ಮಾತು. ಉದ್ಯಮ ಮಾತ್ರವಲ್ಲ, ಸ್ನಾನ, ಊಟ, ಯಾರ ಜೊತೆಗಾದರೂ ಮಾತು ಎಲ್ಲವೂ ಬೇಡವಾಗಿ ವಾರಗಟ್ಟಲೆ ಹಾಗೇ ಇದ್ದರೆ ಪಟ್ಟಿ, ಅಲಾರಂಗಳಿಂದ ಸರಿಹೋಗುವುದಿಲ್ಲ. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಬ್ಯಾಚ್

ಹತ್ತು ಪೊಟ್ಟಣ ಹೋದ ಮೇಲೆ ಕೊಂಡವರಿಗೆ 'ಹೇಗಿತ್ತು?' ಅಂತ ಕೇಳಬೇಡಿ. ಎಲ್ಲರೂ 'ಚೆನ್ನಾಗಿತ್ತು' ಅಂತಾರೆ. 'ಇನ್ನೊಂದು ಪೊಟ್ಟಣ ಬೇಕಾ?' ಅಂತ ಕೇಳಿ. ಬೇಡ ಅಂದವರಿಗೆ ಕಾರಣ ಕೇಳಿ: ಖಾರ ಜಾಸ್ತಿಯಾಯಿತೇ, ಬೆಳ್ಳುಳ್ಳಿ ಘಾಟೇ, ರೇಟೇ? ಹೆಚ್ಚು ಜನ ಹೇಳಿದ ಒಂದನ್ನು ಮಾತ್ರ ಎರಡನೇ ಬ್ಯಾಚಿನಲ್ಲಿ ಬದಲಾಯಿಸಿ. ಮೂರು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಈ ಸಲ ಇಪ್ಪತ್ತು ಪೊಟ್ಟಣ ಮಾಡಿ. ಬಲಪಟ್ಟಿಯಲ್ಲಿದ್ದ ಲೋಗೋವನ್ನು ಮೊದಲ ಬ್ಯಾಚಿನ ಲಾಭದಲ್ಲಿ ಈಗ ಮಾಡಿಸಬಹುದು.