ಕರೆಂಟ್ ಹೋದ ಮೇಲೂ 112ಕ್ಕೆ ಫೋನ್ ಹೋಗಬೇಕಲ್ಲ!

ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಒಳಗೆ ಅಮ್ಮನಿಗೆ ಲ್ಯಾಂಡ್‌ಲೈನೇ ಗತಿ. ಹಳೆ ತಂತಿ ಬಿಟ್ಟು ಫೈಬರ್ ಹಾಕಿಸಿದೆವು. ನಂಬರ್ ಅದೇ, ಫೋನೂ ಅದೇ. ಆದರೆ ಕರೆ ಈಗ ಇಂಟರ್‌ನೆಟ್ ಮೂಲಕ ಹೋಗುತ್ತದೆ. "ಕರೆಂಟ್ ಹೋದ್ರೆ ಇದೂ ಹೋಗುತ್ತಾ ಮಗ?" ಅಂತ ಅಮ್ಮ ಮೊದಲ ದಿನವೇ ಕೇಳಿದರು.

ಹೋಗುತ್ತದೆ. ಹಳೆ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲೇ 48 ವೋಲ್ಟ್ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ರಿಂಗ್ ಆಗುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು, ಕರೆಂಟ್ ಅಲ್ಲ. ಆ ಬೆಳಕನ್ನು ಫೋನಿಗೆ, ಇಂಟರ್‌ನೆಟ್ಟಿಗೆ ತಿರುಗಿಸಿಕೊಡುವ, ಗೋಡೆಗೆ ಹೊಡೆದಿರುವ ಒಎನ್‌ಟಿ ಡಬ್ಬಿ ನಮ್ಮ ಮನೆಯ ಕರೆಂಟಿನಲ್ಲೇ ಓಡಬೇಕು. ನಮ್ಮಲ್ಲಿ ಆಟಿ ತಿಂಗಳ ಮಳೆಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರಲ್ಲ, ತುರ್ತು ಬರುವುದೂ ಆಗಲೇ. 2018ರ ಆಗಸ್ಟಿನ ಮಳೆ, ಭೂಕುಸಿತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ವರ್ಟರ್ ಇತ್ತು. ಆದರೆ ಲೈಟು, ಫ್ಯಾನು, ಟಿವಿ ಎಲ್ಲ ಅದರ ಮೇಲೇ, ಬೇಗ ಖಾಲಿ. ಅದಕ್ಕೇ ಒಎನ್‌ಟಿಗೆ ಬೇರೆ ಸಣ್ಣ ಡಿಸಿ ಯುಪಿಎಸ್ ತಂದೆ, ಅಂದರೆ ಕರೆಂಟ್ ಹೋದಾಗ ಅಡಾಪ್ಟರಿನ ಬದಲು ಡಬ್ಬಿಯನ್ನು ಓಡಿಸುವ ಬ್ಯಾಟರಿ. ನಮ್ಮ ಡಬ್ಬಿ 12 ವೋಲ್ಟಿನದು. ತರುವ ಮುಂಚೆ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪ್ಸ್ ಮತ್ತು ಪಿನ್ನಿನ ಗಾತ್ರ ನೋಡಿಕೊಳ್ಳಿ. ಕಾರ್ಡ್‌ಲೆಸ್ ಫೋನ್ ಎತ್ತಿಟ್ಟೆ, ಅದರ ಬೇಸಿಗೂ ಕರೆಂಟ್ ಬೇಕಲ್ವಾ. ಹಳೆ ವೈರಿನ ಫೋನನ್ನೇ ಡಬ್ಬಿಯ ಫೋನ್ ಪೋರ್ಟಿಗೆ ಚುಚ್ಚಿದೆ.

ಆಮೇಲೆ ಮೇನ್ ಸ್ವಿಚ್ ಇಳಿಸಿ ವಿರಾಜಪೇಟೆಯ ಅಕ್ಕನಿಗೆ ಫೋನ್ ಮಾಡಿದೆ, ಅವಳ ಕೈಲಿ ವಾಪಸ್ ಮಾಡಿಸಿದೆ. ಪರೀಕ್ಷೆ ಅಂತ ಸುಮ್ನೆ 112ಕ್ಕೆ ಮಾಡಬೇಡಿ, ನಿಜವಾಗಿ ಕಷ್ಟದಲ್ಲಿರುವವರ ಲೈನು ಅದು.

ಇಷ್ಟಾದರೂ ಪೂರ್ತಿ ನಂಬಲಿಕ್ಕಿಲ್ಲ. ದಾರಿಯಲ್ಲಿ ಒಂದು ಫೈಬರನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರಿಗೆ ಕರೆಂಟ್ ಬೇಡ, ಆದರೆ ಆ ತುದಿಯಲ್ಲಿರುವ ಕಂಪನಿಯ ಯಂತ್ರಕ್ಕೆ ಬೇಕು. ಅಲ್ಲಿ ಬ್ಯಾಟರಿ ಮುಗಿದರೆ, ಇಲ್ಲವೇ ಸಿಲ್ವರ್ ಓಕ್ ಕೊಂಬೆ ಬಿದ್ದು ಕೇಬಲ್ ತುಂಡಾದರೆ, ನಮ್ಮ ಯುಪಿಎಸ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ. "ಮೊಬೈಲಿನಲ್ಲಿ ವೈಫೈ ಕಾಲಿಂಗ್ ಇದೆಯಲ್ಲ" ಅನ್ನುವವರಿದ್ದಾರೆ. ಅದೂ ಅದೇ ಫೈಬರಿನಲ್ಲಿ ಹೋಗುವುದು, ಎರಡನೇ ದಾರಿ ಹೇಗಾದೀತು? ವಾಟ್ಸಾಪಿನಿಂದಂತೂ 112ಕ್ಕೆ ಕರೆ ಹೋಗುವುದೇ ಇಲ್ಲ. ಅದಕ್ಕೇ ಅಂಗಳದ ಮೂಲೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಗಟ್ಟಿ ಅಂತ ನೋಡಿ, ಆ ಸಿಮ್ಮಿನ ಕೀಪ್ಯಾಡ್ ಫೋನ್ ಒಂದನ್ನು ಬೇರೆಯಾಗಿ ಇಟ್ಟೆ.

ಇನ್ನೊಂದು ವಿಳಾಸದ್ದು. ಮನೆಯ ಫೋನಿಗೆ ಜಿಪಿಎಸ್ ಇಲ್ಲ. ಕಂಪನಿಗೆ ಗೊತ್ತಿರುವುದು ಅರ್ಜಿಯಲ್ಲಿ ಬರೆಸಿದ ವಿಳಾಸ ಅಷ್ಟೇ. ನಮ್ಮದರಲ್ಲಿ ಮನೆ ಹೆಸರು, ಅಂಚೆ, ತಾಲೂಕು ಮಾತ್ರ ಇತ್ತು. ಮನೆ ಹೆಸರು ಊರವರಿಗೆ ಸಾಕು, ಹೊರಗಿನ ಡ್ರೈವರಿಗೆ ಏನು ಗೊತ್ತಾಗುತ್ತದೆ? ಗ್ರಾಮ, ಪಂಚಾಯಿತಿ, ಗುರುತು ಎಲ್ಲ ಸೇರಿಸಿ ತಿದ್ದಿಸಿದೆ. ಅದೇ ವಿವರವನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನ್ ಪಕ್ಕ ಅಂಟಿಸಿದೆ: ಯಾವ ಬಸ್ ಸ್ಟಾಪಿನಲ್ಲಿ ಇಳಿಜಾರಿಗೆ ತಿರುಗಬೇಕು, ಗೇಟಿನ ಬಣ್ಣ ಯಾವುದು. ಗಾಬರಿಯಲ್ಲಿ ಅಮ್ಮ ಓದಿ ಹೇಳಿದರೆ ಸಾಕು. ಕೆಳಗೆ 112, 108, ಜಿಲ್ಲಾ ವಿಪತ್ತು ಕಂಟ್ರೋಲ್ ರೂಮಿನ 1077. ಅದರಡಿ ಪಕ್ಕದ ತೋಟದವರ ನಂಬರ್, ಅವರ ಹತ್ತಿರ ಜೀಪ್ ಇದೆ. ಮಳೆಗಾಲದಲ್ಲಿ ಆಂಬುಲೆನ್ಸ್ ಟಾರ್ ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿಯ ತನಕ ಜೀಪೇ ಬೇಕು.